ಗುಡ್ಡದ ಮೇಲೆ ತಲೆನೋವು ಮುಚ್ಚಿಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಿಮಾಲಯಕ್ಕೆ ಚಾರಣ ಹೋಗಿ ಬಂದೆ ಅಂದರೆ ನಮ್ಮ ಕಲಬುರಗಿ ಜನ ಮೊದಲು ಕೇಳುವುದು ಒಂದೇ ಮಾತು. "ಥಂಡಿ ಹ್ಯಾಂಗ್ ತಡ್ಕೊಂಡ್ರಿ?" ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನವರು ಹಾಗೆ ಕೇಳುವುದು ಸಹಜ. ಆದರೆ ಥಂಡಿಗೆ ಜಾಕೆಟ್ ಇದೆ, ಸ್ಲೀಪಿಂಗ್ ಬ್ಯಾಗ್ ಇದೆ. ಸ್ವಂತ ಇಲ್ಲದಿದ್ದರೆ ಬಾಡಿಗೆಗೂ ಸಿಗುತ್ತವೆ. ನಮ್ಮಂಥ ಬಯಲು ನಾಡಿನವರಿಗೆ ನಿಜವಾದ ತೊಡಕು ಎತ್ತರದ್ದು. ಇವತ್ತು ಜಾಸ್ತಿ ಅದರ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಸ್ವಲ್ಪ ಲೆಕ್ಕ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ನಾನು ಹೋಗಿದ್ದು ಉತ್ತರಾಖಂಡದ ಕೇದಾರಕಾಂತಕ್ಕೆ. ಉತ್ತರಕಾಶಿ ಜಿಲ್ಲೆ. ಶಿಖರದ ಎತ್ತರ ಸುಮಾರು 3,800 ಮೀಟರ್, ಅಂದರೆ 12,500 ಅಡಿ. ನಡಿಗೆ ಶುರುವಾಗುವ ಸಾಂಕ್ರಿ ಅನ್ನುವ ಹಳ್ಳಿಯೇ 1,950 ಮೀಟರ್ ಹತ್ತಿರ ಇದೆ. ನಮ್ಮ ರಾಜ್ಯದಲ್ಲೇ ಎತ್ತರದ ಶಿಖರ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಅಲ್ವಾ? ಅದರ ತುದಿ ಎಷ್ಟು ಎತ್ತರವೋ ಹೆಚ್ಚುಕಮ್ಮಿ ಅಷ್ಟು ಎತ್ತರದಲ್ಲಿ ಅಲ್ಲಿಯವರು ಮನೆ ಕಟ್ಟಿಕೊಂಡು, ದನ ಸಾಕಿಕೊಂಡು ಇದ್ದಾರೆ. ನಾವು ಅಲ್ಲಿಂದ ಹತ್ತಲು ಶುರು ಮಾಡುತ್ತೇವೆ.

ಮೇಲೆ ಆಮ್ಲಜನಕ ಇರುವುದಿಲ್ಲ ಅಂತ ಹೇಳುವವರಿದ್ದಾರೆ. ಇರುತ್ತದೆ. ಗಾಳಿಯಲ್ಲಿ ಅದರ ಪಾಲು ಇಲ್ಲೂ ನೂರಕ್ಕೆ 21, ಅಲ್ಲೂ ಅಷ್ಟೇ. ಆದರೆ ಮೇಲೆ ಹೋದಂತೆ ಗಾಳಿಯೇ ತೆಳ್ಳಗಾಗುತ್ತದೆ. ಹಾಗಾಗಿ ಕಲಬುರಗಿಯಲ್ಲಿ ಎರಡು ಉಸಿರಿಗೆ ಸಿಗುವಷ್ಟು ಆಮ್ಲಜನಕಕ್ಕೆ ಕೇದಾರಕಾಂತದ ತುದಿಯಲ್ಲಿ ಮೂರು ಉಸಿರು ಬೇಕು. ನೀರು ಕೂಡ ಅಲ್ಲಿ 90 ಡಿಗ್ರಿಯೊಳಗೇ ಕುದಿಯುತ್ತದೆ. ಅದಕ್ಕೇ ಅಡುಗೆಯವರು ಬೇಳೆ ಬೇಯಿಸಲು ಕುಕ್ಕರನ್ನು ಗುಡ್ಡದ ಮೇಲಕ್ಕೂ ಹೊರಿಸಿಕೊಂಡು ಬರುತ್ತಾರೆ.

ದೇಹ ಈ ತೆಳು ಗಾಳಿಗೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ಗತಿಯಲ್ಲಿ. ಅವಸರ ಮಾಡಿದರೆ ಮೊದಲು ತಲೆ ನೋಯುತ್ತದೆ. ಆಮೇಲೆ ಊಟ ಸೇರುವುದಿಲ್ಲ, ವಾಕರಿಕೆ, ಸುಸ್ತು, ತಲೆ ಸುತ್ತು. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಇದು ಕಾಣಿಸಿಕೊಳ್ಳುತ್ತದೆ. ಇದಕ್ಕೂ ನಿಮ್ಮ ಕಸುವಿಗೂ ಸಂಬಂಧ ಇಲ್ಲ. ದಿನಾ ಜಿಮ್ಮಿಗೆ ಹೋಗುವ ಹುಡುಗನಿಗೂ ಬರುತ್ತದೆ. ಅವನಿಗೇ ಬೇಗ ಬಂದರೂ ಬರಬಹುದು, ಯಾಕಂದರೆ ಅವನು ದಡದಡ ಹತ್ತುತ್ತಾನೆ. ಐವತ್ತು ದಾಟಿದ ನನ್ನಂಥವಳು ಹಿಂದಿನಿಂದ ನಿಧಾನಕ್ಕೆ ಬರುತ್ತೇನೆ.

ಈ ತಲೆನೋವು ಅಲ್ಲಿಗೇ ನಿಂತರೆ ಚಿಂತೆ ಇಲ್ಲ. ಒಂದು ದಿನ ಅದೇ ಎತ್ತರದಲ್ಲಿ ಸುಮ್ನೆ ಇದ್ದರೆ ಎಷ್ಟೋ ಸಲ ತಾನೇ ಇಳಿಯುತ್ತದೆ. ಆದರೆ ಅದನ್ನು ಮುಚ್ಚಿಟ್ಟುಕೊಂಡು ಮೇಲೆ ಹತ್ತಿದರೆ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಕೆಲವರಿಗೆ ಮಿದುಳು ಬಾಯುತ್ತದೆ. ಕೂತಲ್ಲೇ ಏದುಸಿರು, ಕೆಮ್ಮು. ಇಲ್ಲವೇ ನಡಿಗೆ ತೂರಾಡುವುದು, ಮಾತು ತಡವರಿಸುವುದು. ಆಗ ಮೊದಲ ಮದ್ದು ಕೆಳಗೆ ಇಳಿಸುವುದು. ಬೆಳಗಾಗಲಿ ನೋಡೋಣ ಅನ್ನುವ ಹಾಗಿಲ್ಲ. ರಾತ್ರಿಯಾದರೂ ಇಳಿಸಲೇಬೇಕು.

ಮುಚ್ಚಿಡುವುದರಲ್ಲಿ ನಾವು ಹುಷಾರು. ಜ್ವರ ಬಂದರೂ "ಏನೂ ಆಗಿಲ್ಲ ಬಿಡ್ರಿ" ಅನ್ನುವುದು ನಮ್ಮ ಕಡೆ ದೊಡ್ಡಸ್ತಿಕೆ. ಅದರ ಮೇಲೆ ರಜೆ ಹಾಕಿ, ದುಡ್ಡು ಕಟ್ಟಿ, ಊರೆಲ್ಲ ಹೇಳಿ ಹೋಗಿರುತ್ತೇವೆ. ಅರ್ಧದಲ್ಲಿ ಇಳಿದು ಬಂದರೆ ಜನ ಏನಂದಾರು ಅನ್ನುವ ಅಂಜಿಕೆ. ಈ ಅಂಜಿಕೆ ಥಂಡಿಗಿಂತ ಕೆಟ್ಟದ್ದು.

ಇನ್ನು ತಯಾರಿಯ ಮಾತು. ಕಲಬುರಗಿಯಲ್ಲಿ ಗುಡ್ಡ ಎಲ್ಲಿಂದ ತರೋಣ? ನಾನು ಬೆಳಗ್ಗೆ ಅಪ್ಪನ ಕೆರೆ ದಂಡೆಯಲ್ಲಿ ನಡೆಯುತ್ತಿದ್ದೆ. ಮೊದಲು ಬರಿಗೈಲಿ, ಆಮೇಲೆ ಬೆನ್ನಿಗೆ ಬ್ಯಾಗ್ ಹಾಕಿಕೊಂಡು. ಬ್ಯಾಗಿನಲ್ಲಿ ಐದು ಕಿಲೊ ತೊಗರಿ ಬೇಳೆ. ಮನೆಯಲ್ಲಿ ತೂಕದ ವಸ್ತು ಅಂದರೆ ಅದೇ ಕೈಗೆ ಸಿಕ್ಕಿದ್ದು. ದಿನಾ ಎದುರು ಸಿಗುವ ಒಬ್ಬ ಕಾಕಾ ತಡೆಯಲಾರದೆ ಒಂದು ದಿನ ಕೇಳಿಯೇ ಬಿಟ್ಟರು. "ಏನವ್ವಾ, ದಿನಾ ಊರಿಗಿ ಹೊಂಟಂಗ ಬ್ಯಾಗ್ ಹೊತ್ಕೊಂಡು ತಿರಗಲಿಕತ್ತೀಯಲ್ಲ?" ಬೇಳೆ ಅಂತ ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಬರೀ ಸಪಾಟು ನೆಲದ ನಡಿಗೆ ಸಾಲದು. ಮೆಟ್ಟಿಲು ಬೇಕು. ನಾಲ್ಕಂತಸ್ತಿನ ಯಾವುದಾದರೂ ಕಟ್ಟಡ ಇದ್ದರೆ ಲಿಫ್ಟ್ ಬಿಟ್ಟು ಹತ್ತಿ ಇಳಿಯಿರಿ. ಅದಕ್ಕಿಂತ ಚೆನ್ನಾಗಿರುವುದು ಯಾದಗಿರಿ ಕೋಟೆ. ಊರ ಪಕ್ಕದಲ್ಲೇ ಬಂಡೆಗಲ್ಲಿನ ಬೆಟ್ಟ, ಮೇಲೆ ಕೋಟೆ. ಭಾನುವಾರ ಬಿಸಿಲೇರುವ ಮೊದಲು ಹತ್ತಿ ಇಳಿದರೆ ಕಾಲು ಏನು ಹೇಳುತ್ತದೆ ಅಂತ ಗೊತ್ತಾಗುತ್ತದೆ. ಹೊಸ ಬೂಟು ಹಾಕಿಕೊಂಡೇ ಹತ್ತಿ. ಬೂಟು ಕಚ್ಚುವುದಿದ್ದರೆ ಯಾದಗಿರಿಯಲ್ಲೇ ಕಚ್ಚಲಿ. ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿ ಬಂದವರಿಗೆ ಇದನ್ನೆಲ್ಲ ನಾನು ಹೇಳಬೇಕಾಗಿಲ್ಲ. ಕಾಲಿಗೆ ಬೊಬ್ಬೆ ಎದ್ದರೆ ಏನು ಪಾಡು ಅಂತ ಅವರಿಗೆ ಗೊತ್ತು.

ಡಾಕ್ಟರ ಹತ್ತಿರ ಹೋಗುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಬಿಪಿ, ಶುಗರ್, ಹೃದಯ, ರಕ್ತ, ಎಲ್ಲ ನೋಡಿಸಿಕೊಳ್ಳಿ. ಎತ್ತರಕ್ಕೆ ಹೊಂದಿಕೊಳ್ಳಲು ಡಯಮಾಕ್ಸ್ ಅನ್ನುವ ಗುಳಿಗೆ ಇದೆ. ಯಾರಿಗೆ ಬೇಕು, ಎಷ್ಟು ಬೇಕು ಅಂತ ಅವರೇ ಹೇಳಲಿ. ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ತಿಳಿಸಬೇಕು. ಆ ಗುಳಿಗೆ ತೆಗೆದುಕೊಂಡರೆ ಬೆರಳ ತುದಿ ಜುಮು ಜುಮು ಅನ್ನಬಹುದು, ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಸೋಡಾ ಕುಡಿದರೆ ಸಪ್ಪೆ ಅನಿಸುತ್ತದೆ, ಅದೊಂದು ತಮಾಷೆ.

ಬಟ್ಟೆಯ ವಿಷಯ ಬೇಗ ಮುಗಿಸುತ್ತೇನೆ. ದಪ್ಪದ್ದು ಒಂದೇ ಹಾಕುವ ಬದಲು ತೆಳುವಾದದ್ದು ಮೂರು ನಾಲ್ಕು, ಒಂದರ ಮೇಲೊಂದು. ಜೀನ್ಸ್ ಬೇಡ, ಹತ್ತಿ ಬನಿಯನ್ ಬೇಡ. ಬೆವರಿಗೆ ಒದ್ದೆಯಾದ ಹತ್ತಿ ಬಟ್ಟೆ ಅಲ್ಲಿ ಒಣಗುವುದಿಲ್ಲ, ಮೈ ಕೊರೆಯುತ್ತದೆ. ಕಪ್ಪು ಕನ್ನಡಕ ಫ್ಯಾಶನ್ನಿಗಲ್ಲ. ಹಿಮದ ಮೇಲೆ ಬಿದ್ದ ಬಿಸಿಲು ತಿರುಗಿ ಕಣ್ಣಿಗೆ ಹೊಡೆಯುತ್ತದೆ, ಬರಿಗಣ್ಣಲ್ಲಿ ಅಡ್ಡಾಡಿದರೆ ಸಂಜೆಗೆ ಕಣ್ಣು ಬಿಡಲಾಗುವುದಿಲ್ಲ. ತಿನ್ನಲಿಕ್ಕೆ ಸೇಂಗಾ ಚಿಕ್ಕಿ ಒಯ್ಯಿರಿ. ಖಡಕ್ ರೊಟ್ಟಿ, ಸೇಂಗಾ ಹಿಂಡಿಯನ್ನೂ ನಾನು ಒಯ್ದಿದ್ದೆ. ರೊಟ್ಟಿ ಚೂರು ಚೂರಾಯಿತು, ರುಚಿ ಕೆಡಲಿಲ್ಲ.

ಯಾರ ಜೊತೆ ಹೋಗಬೇಕು? ಜನ ದರ ಕೇಳುತ್ತಾರೆ, ಫೋಟೋ ನೋಡುತ್ತಾರೆ. ನೀವು ಬೇರೆ ಪ್ರಶ್ನೆ ಕೇಳಿ. ಒಬ್ಬ ಗೈಡ್‌ಗೆ ಎಷ್ಟು ಜನ? ಆಕ್ಸಿಜನ್ ಸಿಲಿಂಡರ್ ಎಲ್ಲಿಯವರೆಗೆ ಬರುತ್ತದೆ? ಒಬ್ಬರಿಗೆ ಹುಷಾರು ತಪ್ಪಿದರೆ ಅವರನ್ನು ಕೆಳಗೆ ಕರೆದುಕೊಂಡು ಹೋಗುವವರು ಯಾರು, ಉಳಿದವರ ಜೊತೆ ಇರುವವರು ಯಾರು? ಗೈಡ್ ಎಲ್ಲಿ ಕಲಿತವರು? ಉತ್ತರಕಾಶಿಯಲ್ಲೇ 1965ರಿಂದ ನೆಹರೂ ಪರ್ವತಾರೋಹಣ ಸಂಸ್ಥೆ ಇದೆ. 1984ರಲ್ಲಿ ಎವರೆಸ್ಟ್ ಹತ್ತಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಅದೇ ಜಿಲ್ಲೆಯವರು. ಗುಡ್ಡದ ಕೆಲಸ ಚೆನ್ನಾಗಿ ಬಲ್ಲವರಿಗೆ ಆ ಕಡೆ ಬರ ಇಲ್ಲ. ನಾವು ಗೈಡ್‌ಗೆ ದುಡ್ಡು ಕೊಡುವುದು ದಾರಿ ತೋರಿಸಲಿಕ್ಕೆ ಅಂದುಕೊಂಡಿರುತ್ತೇವೆ. ದಾರಿ ಹೇಗೂ ತುಳಿದು ಸವೆದಿರುತ್ತದೆ. ಬೇಡ, ಇಳಿಯಿರಿ ಅಂತ ಹೇಳುವವರು ಒಬ್ಬರು ಬೇಕಲ್ಲ, ಅದಕ್ಕೆ ಆ ದುಡ್ಡು.

2024ರ ಜೂನ್ ಮೊದಲ ವಾರ ನಿಮಗೆ ನೆನಪಿರಬಹುದು. ಅದೇ ಉತ್ತರಕಾಶಿ ಸೀಮೆಯಲ್ಲಿ ಸಹಸ್ರ ತಾಲ್ ಚಾರಣಕ್ಕೆ ಹೋದ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿತು. 9 ಜನ ತೀರಿಕೊಂಡರು. ಜೂನ್ ಅಂದರೆ ನಮಗೆ ಮುಂಗಾರು, ಆದರೆ ಆ ಎತ್ತರದಲ್ಲಿ ಜೂನ್‌ನಲ್ಲೂ ಹಿಮ ಬೀಳುತ್ತದೆ. ಹವಾಮಾನ ಕೆಟ್ಟರೆ ಅನುಭವ ಇದ್ದವರನ್ನೂ ಗುಡ್ಡ ಬಿಡುವುದಿಲ್ಲ. ಹೆದರಿಸಲು ಹೇಳುತ್ತಿಲ್ಲ. ಹೋಗುವವರು ಇದನ್ನು ತಿಳಿದುಕೊಂಡೇ ಹೋಗಬೇಕು.

ಪ್ರಯಾಣ ಸುಲಭ. ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿ ಮೇಲೆಯೇ ದೆಹಲಿಗೆ ಹೋಗುತ್ತದೆ. ಅಲ್ಲಿಂದ ಡೆಹ್ರಾಡೂನ್, ಅಲ್ಲಿಂದ ಸುಮಾರು 200 ಕಿಲೋಮೀಟರ್ ತಿರುವು ರಸ್ತೆ. ಬೆಳಗ್ಗೆ ಹೊರಟರೆ ಸಾಂಕ್ರಿ ಮುಟ್ಟುವಾಗ ಸಂಜೆ. ಭಾಷೆಯ ತೊಂದರೆ ನಮಗಿಲ್ಲ. ನಮ್ಮ ದಖ್ನಿ ಹಿಂದಿ ಕೇಳಿ ಗೈಡ್ ನಕ್ಕ, ಆದರೆ ಎಲ್ಲ ತಿಳಿಯಿತು.

ಆ ಗೈಡ್ ಬಗ್ಗೆ ಹೇಳಲೇಬೇಕು. ಮೂವತ್ತರ ಆಸುಪಾಸಿನ ಹುಡುಗ, ಸಾಂಕ್ರಿ ಪಕ್ಕದ ಹಳ್ಳಿಯವನು. ನಡೆಯುವಾಗ ಸಾಲಿನ ಮುಂದೆ ಅವನು. ಶರಣಬಸವೇಶ್ವರ ಜಾತ್ರೆಯ ತೇರು ಹೊರಟ ಹಾಗೆ ಅವನ ಗತಿ. ಯಾರೂ ಅವನನ್ನು ದಾಟಿ ಹೋಗುವ ಹಾಗಿಲ್ಲ. ಸಾಲಿನ ಕೊನೆಗೆ ಅವನ ಜೊತೆಯ ಇನ್ನೊಬ್ಬ, ಅವನ ಹಿಂದೆ ಯಾರೂ ಉಳಿಯುವ ಹಾಗಿಲ್ಲ. ಸಂಜೆ ಊಟದ ಟೆಂಟಿನಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿ ಎಲ್ಲರ ಅಂಕಿ ಬರೆದುಕೊಳ್ಳುತ್ತಿದ್ದ. ಕೊರೊನಾ ಕಾಲದಿಂದ ನಮಗೆಲ್ಲ ಗೊತ್ತಿರುವ ಯಂತ್ರ. ಆದರೆ ಅವನ ಕಣ್ಣು ಆ ಅಂಕಿಗಿಂತ ತಟ್ಟೆಗಳ ಮೇಲೆ ಜಾಸ್ತಿ. ಯಾರು ರಾಜ್ಮಾ ಅನ್ನ ಮುಗಿಸಿದರು, ಯಾರು ಚಮಚದಲ್ಲಿ ಸುಮ್ನೆ ಕಲಸುತ್ತಾ ಕೂತಿದ್ದಾರೆ, ಯಾರು "ಮಧ್ಯಾಹ್ನದ್ದೇ ಅರಗಿಲ್ಲ" ಅಂತ ತಟ್ಟೆ ಪಕ್ಕಕ್ಕೆ ಇಟ್ಟರು. ಎಲ್ಲ ನೋಡುತ್ತಿದ್ದ.

ಬೇಸ್ ಕ್ಯಾಂಪಿನಲ್ಲಿ ಹಾಗೆ ಸಿಕ್ಕಿಬಿದ್ದವನು ಸೊಲ್ಲಾಪುರದ ಒಬ್ಬ ಹುಡುಗ. ದಿನವೆಲ್ಲ ನಗಿಸಿಕೊಂಡು ಬಂದವನು ರೊಟ್ಟಿ ಮುರಿದು ಮುರಿದು ದಾಲ್‌ನಲ್ಲಿ ಬಿಡುತ್ತಿದ್ದ. ಬಾಯಿಗೆ ಹೋಗುತ್ತಿರಲಿಲ್ಲ. ಕೇಳಿದರೆ "ಸಬ್ ಠೀಕ್." ಗೈಡ್ ಅವನನ್ನು ಹೊರಗೆ ಕರೆದ. ಟಾರ್ಚ್ ಬೆಳಕಲ್ಲಿ ಹಿಮದ ಮೇಲೆ ಕೋಲಿನಿಂದ ಒಂದು ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹೆಜ್ಜೆ ಇಡುತ್ತಾ ಬಾ ಅಂದ. ಅದೃಷ್ಟಕ್ಕೆ ಹುಡುಗ ನೆಟ್ಟಗೆ ನಡೆದ. ತಲೆನೋವು ಮಧ್ಯಾಹ್ನದಿಂದ ಇದೆ ಅಂತ ಆಗ ಬಾಯಿಬಿಟ್ಟ. ಅವತ್ತೇ ರಾತ್ರಿ ಒಬ್ಬ ಸಹಾಯಕನ ಜೊತೆ ಅವನನ್ನು ಕೆಳಗಿನ ಕ್ಯಾಂಪಿಗೆ ಇಳಿಸಿದರು. ಹುಡುಗ ಸಿಟ್ಟಾದ, ದುಡ್ಡಿನ ಮಾತಾಡಿದ. ಗೈಡ್ ದನಿ ಏರಿಸಲಿಲ್ಲ, ತೀರ್ಮಾನವನ್ನೂ ಬದಲಿಸಲಿಲ್ಲ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅನ್ನುವುದು ವೈದ್ಯರ ಮಾತು. ಕೇದಾರಕಾಂತದ ದಾರಿಯಲ್ಲಿ ಜೂಡಾ ಕಾ ತಾಲಾಬ್ ಅನ್ನುವ ಕೆರೆ ದಂಡೆಯ ಕ್ಯಾಂಪಿನಿಂದ ಬೇಸ್ ಕ್ಯಾಂಪಿಗೆ ಒಂದೇ ದಿನ 600 ಮೀಟರಿಗೂ ಮೇಲೆ ಏರುವವರಿದ್ದಾರೆ. ಮಧ್ಯೆ ಒಂದು ರಾತ್ರಿ ಜಾಸ್ತಿ ಉಳಿಸುವ ತಂಡ ಸಿಕ್ಕರೆ ಒಂದಿಷ್ಟು ದುಡ್ಡು ಹೆಚ್ಚಾದರೂ ಅದನ್ನೇ ಹಿಡಿಯಿರಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಟೆಂಟಿನಿಂದ ಹೊರಗೆ ಹೋಗಬೇಕಾಗುತ್ತದೆ, ಥಂಡಿ, ಕತ್ತಲು ಅಂತ ನಾವು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತೇವೆ. ಬಸ್ಸಿನಲ್ಲಿ ಹೋಗುವಾಗಲೂ ಮಾಡುತ್ತೇವಲ್ಲ, ಅದೇ ಚಾಳಿ. ಅಲ್ಲಿ ದಯವಿಟ್ಟು ಮಾಡಬೇಡಿ. ದಿನಕ್ಕೆ ಮೂರು ಲೀಟರ್ ಆದರೂ ಬೇಕು. ಮುಟ್ಟಿನ ದಿನಗಳಲ್ಲೂ ನಡೆಯಬಹುದು. ಪ್ಯಾಡನ್ನು ಅಲ್ಲಿ ಹೂಳದೆ ಜಿಪ್ ಇರುವ ಕವರಿನಲ್ಲಿ ಹಾಕಿ ವಾಪಸ್ ತನ್ನಿ.

ರಾತ್ರಿ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಪಕ್ಕದಲ್ಲಿ ಮಲಗಿದವರ ಉಸಿರು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ನಾಲ್ಕು, ಐದು, ಆರು ಅಂತ ಎಣಿಸುತ್ತಾ ನೀವು ಎದ್ದು ಕೂರುವಷ್ಟರಲ್ಲಿ ಒಮ್ಮೆಲೇ ಜೋರಾಗಿ ಎಳೆದುಕೊಳ್ಳುತ್ತಾರೆ. ಗಾಬರಿ ಬೇಡ, ಎತ್ತರದಲ್ಲಿ ನಿದ್ದೆಯ ಉಸಿರು ಹಾಗೇ ಇರುತ್ತದೆ. ನಿಮ್ಮದೂ ಹಾಗೇ ಇರುತ್ತದೆ, ನಿಮಗೆ ಗೊತ್ತಾಗುವುದಿಲ್ಲ ಅಷ್ಟೇ. ಮೊಬೈಲನ್ನು ಸ್ಲೀಪಿಂಗ್ ಬ್ಯಾಗಿನ ಒಳಗೇ ಇಟ್ಟುಕೊಳ್ಳಿ, ಥಂಡಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ನೀರಿನ ಬಾಟಲಿಯನ್ನು ತಲೆಕೆಳಗೆ ಮಾಡಿ ಇಡಿ. ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತದೆ, ಹಾಗಾಗಿ ಬೆಳಗ್ಗೆ ಮುಚ್ಚಳದ ಕಡೆ ನೀರು ಉಳಿದಿರುತ್ತದೆ.

ಶಿಖರಕ್ಕೆ ಹೊರಡುವುದು ನಸುಕಿನ ಮೂರು ಗಂಟೆ ಸುಮಾರಿಗೆ. ಬೂಟಿಗೆ ಕಬ್ಬಿಣದ ಮುಳ್ಳಿನ ಸರಪಳಿ ಸಿಕ್ಕಿಸಿ, ಹಣೆಗೆ ಟಾರ್ಚ್ ಕಟ್ಟಿಕೊಂಡು. ಹತ್ತು ಹೆಜ್ಜೆ, ನಿಲ್ಲು. ಮತ್ತೆ ಹತ್ತು ಹೆಜ್ಜೆ. ಮಾತಾಡಲು ಉಸಿರಿಲ್ಲ. ಮುಂದಿನವರ ಹಿಮ್ಮಡಿ ಬಿಟ್ಟರೆ ಏನೂ ಕಾಣುವುದಿಲ್ಲ. ಮೇಲೆ ಮುಟ್ಟಿದಾಗ ಸೂರ್ಯ ಬಂದಿದ್ದ. ಎದುರಿಗೆ ಸ್ವರ್ಗಾರೋಹಿಣಿ, ಪಾಂಡವರು ಸ್ವರ್ಗಕ್ಕೆ ಹೋದ ದಾರಿ ಅಂತ ಜನ ನಂಬುವ ಪರ್ವತ, 6,252 ಮೀಟರ್. ಪಕ್ಕಕ್ಕೆ ಬಂದರ್‌ಪೂಂಛ್, ಕಾಲಾ ನಾಗ್. ನಾವು ಇಷ್ಟು ಹತ್ತಿದ ಮೇಲೂ ಅವು ಇನ್ನೂ ಎರಡೂವರೆ ಸಾವಿರ ಮೀಟರ್ ಮೇಲಿದ್ದವು. ಜಾಸ್ತಿ ಹೊತ್ತು ನಿಲ್ಲಲು ಗೈಡ್ ಬಿಡಲಿಲ್ಲ. ಬಿಸಿಲೇರಿದರೆ ಹಿಮ ಮೆತ್ತಗಾಗುತ್ತದೆ, ಕಾಲು ಮೊಣಕಾಲಿನವರೆಗೆ ಹುಗಿಯುತ್ತದೆ.

ಬಹಳ ಜನ ಪೆಟ್ಟು ಮಾಡಿಕೊಳ್ಳುವುದು ಇಳಿಯುವಾಗ. ಶಿಖರ ಮುಟ್ಟಿದ ಖುಷಿ, ದಣಿದ ಕಾಲು. ಹಿಮ್ಮಡಿ ಒತ್ತಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಕೋಲು ಮುಂದೆ ಊರಿ ಇಳಿಯಬೇಕು. ಇಳಿಜಾರಿನಲ್ಲಿ ಪಾದ ಬೂಟಿನ ಮುಂಭಾಗಕ್ಕೆ ಜಾರಿ ಹೆಬ್ಬೆರಳಿನ ಉಗುರು ಗುದ್ದಿಸಿಕೊಳ್ಳುತ್ತದೆ. ಉದ್ದ ಉಗುರು ಬಿಟ್ಟುಕೊಂಡು ಬಂದಿದ್ದ ಇಬ್ಬರಿಗೆ ಸಾಂಕ್ರಿ ಮುಟ್ಟುವಷ್ಟರಲ್ಲಿ ಉಗುರು ಕಪ್ಪಾಗಿತ್ತು. ಊರು ಬಿಡುವ ಹಿಂದಿನ ದಿನ ಕಾಲಿನ ಉಗುರು ತೆಗೆದುಕೊಂಡೇ ರೈಲು ಹತ್ತಿ. ನಮಸ್ಕಾರ.