ಬ್ರಿಕ್ಸ್ ತಪ್ಪಿದರೆ ಮೊದಲು ಈ ಗೆರೆ ನೋಡಿ

ಪೈಪ್‌ಲೈನ್‌ನಲ್ಲಿರೋ ರಿಫ್ರ್ಯಾಕ್ಟೋಮೀಟರ್ (ಬೆಳಕಿನಿಂದ ದ್ರವದ ಸಾಂದ್ರತೆ ಅಳೆಯೋ ಉಪಕರಣ) ಒಂದು ಬ್ರಿಕ್ಸ್, ಅಂದರೆ ದ್ರವದಲ್ಲಿ ಕರಗಿರೋ ಸಕ್ಕರೆಯ ಶೇಕಡಾ ಪ್ರಮಾಣ, ತೋರಿಸ್ತಿದೆ, ಲ್ಯಾಬ್ ಇನ್ನೊಂದು ಹೇಳ್ತಿದೆ. ತಕ್ಷಣ ಆಫ್‌ಸೆಟ್‌ಗೆ, ಅಂದರೆ ರೀಡಿಂಗ್‌ಗೆ ಕೂಡಿಸೋ-ಕಳೆಯೋ ತಿದ್ದುಪಡಿಗೆ, ಕೈ ಹಾಕ್ಬೇಡಿ. ದೋಷ ಹಾಗೇ ಉಳಿಯುತ್ತೆ, ನಂಬರ್ ಮಾತ್ರ ಸರಿ ಕಾಣುತ್ತೆ. ಮೊದಲು ಆಪ್ಟಿಕಲ್ ಇಮೇಜ್, ಅಂದರೆ ಸೆನ್ಸರ್ ಒಳಗೆ ಎಲ್ಲಿ ಎಷ್ಟು ಬೆಳಕು ಬಿದ್ದಿದೆ ಅಂತ ಗೆರೆಯಾಗಿ ತೋರಿಸೋ ಗ್ರಾಫ್, ತೆರೀರಿ.

ಈಗ ಸ್ಕ್ರೀನ್ ಮೇಲಿರೋದು ಅದೇ. ಸುಮಾರು 589 ನ್ಯಾನೋಮೀಟರ್‌ನ ಹಳದಿ ಎಲ್‌ಇಡಿ ಬೆಳಕು ಪ್ರಿಸಮ್ ದ್ರವಕ್ಕೆ ತಾಗೋ ಮುಖದ ಮೇಲೆ ಬೇರೆ ಬೇರೆ ಕೋನದಲ್ಲಿ ಬೀಳುತ್ತೆ. ತುಂಬಾ ಓರೆಯಾಗಿ ಬಿದ್ದದ್ದು ಪೂರ್ತಿ ಪ್ರತಿಫಲಿಸುತ್ತೆ, ಉಳಿದದ್ದರಲ್ಲಿ ಬಹುಪಾಲು ದ್ರವದೊಳಗೆ ಹೋಗುತ್ತೆ. ಹಾಗಾಗಿ ಸಿಸಿಡಿ (ಬೆಳಕು ಗ್ರಹಿಸೋ ಚಿಪ್) ಮೇಲೆ ಒಂದು ಕಡೆ ಬೆಳಕು, ಇನ್ನೊಂದು ಕಡೆ ನೆರಳು. ಆ ಗಡಿ ಎಲ್ಲಿದೆ ಅನ್ನೋದರಿಂದ ವಕ್ರೀಭವನ ಸೂಚ್ಯಂಕ (ದ್ರವ ಬೆಳಕನ್ನು ಎಷ್ಟು ಬಾಗಿಸುತ್ತೆ ಅನ್ನೋ ಅಳತೆ) ಸಿಗುತ್ತೆ, ಅದಕ್ಕೆ ಉಷ್ಣಾಂಶ ಸೇರಿದರೆ ಬ್ರಿಕ್ಸ್.

ಸೆನ್ಸರ್ ಆರೋಗ್ಯವಾಗಿದ್ದರೆ ಗೆರೆ ಗಡಿಯಲ್ಲಿ ಗೋಡೆ ಥರ ಕಡಿದಾಗಿ ಇಳಿಯುತ್ತೆ. ಇಲ್ಲಿ ನೋಡಿ, ಇಳಿಜಾರು ಮೊಂಡಾಗಿದೆ, ನಡುವೆ ಇನ್ನೊಂದು ಸಣ್ಣ ಮೆಟ್ಟಿಲೂ ಇದೆ. ಇದಕ್ಕೆ ಪ್ರಿಸಮ್ ಮೇಲೆ ಕಟ್ಟಿದ ಪದರದ ಮೇಲೆ ನನ್ನ ಮೊದಲ ಅನುಮಾನ. ಈ ಉಪಕರಣಕ್ಕೆ ಕಾಣೋದು ಪ್ರಿಸಮ್‌ಗೆ ಅಂಟಿದ ತೆಳು ಪೊರೆಯಷ್ಟೇ. ಗುಳ್ಳೆ, ನಾರು ಅದನ್ನು ಅಷ್ಟಾಗಿ ಕಾಡದಿರೋದೂ ಅದಕ್ಕೇ, ಅಂಟಿಕೊಂಡ ಕೊಳೆಯನ್ನೇ ದ್ರವ ಅಂದುಕೊಳ್ಳೋದೂ ಅದಕ್ಕೇ. ಬಿಸಿನೀರು ಅಥವಾ ಸ್ಟೀಮ್ ವಾಶ್ ಕೊಡಿ, ವಾಶ್ ಮುಗಿದು ದ್ರವ ಮತ್ತೆ ಬಂದಾಗ ಗೆರೆ ಗಮನಿಸಿ. ಕಡಿದಾಗಿ ಬಂತಾ? ಪದರವೇ ಕಾರಣ. ಬೇಗ ಮತ್ತೆ ಮೊಂಡಾದರೆ ಆ ಜಾಗದಲ್ಲಿ ಹರಿವು ಪ್ರಿಸಮ್ ತೊಳೆಯೋಷ್ಟು ಜೋರಾಗಿಲ್ಲ. ನನ್ನ ಪ್ರಕಾರ ಆಗ ಸೆನ್ಸರ್ ಇರೋ ಜಾಗವನ್ನೇ ಪ್ರಶ್ನಿಸಬೇಕು.

ಇಡೀ ಚಿತ್ರ ಬೆಳಕಾಗಿದ್ದು ಗಡಿಯೇ ಇಲ್ಲದಿದ್ದರೆ ಪೈಪ್ ಖಾಲಿ ಇರಬಹುದು. ಗಾಳಿಯ ಸೂಚ್ಯಂಕ ಹೆಚ್ಚುಕಡಿಮೆ 1, ಅಳತೆಯ ವ್ಯಾಪ್ತಿಗೇ ಬರಲ್ಲ. ಪೂರ್ತಿ ಕತ್ತಲಾದರೆ ಎಲ್‌ಇಡಿ, ಅದರ ಸಪ್ಲೈ, ಸೆನ್ಸರ್ ಒಳಗಿನ ತೇವ ನೋಡಿ. ನೆರಳಿನ ಭಾಗ ತಳಕ್ಕೆ ಇಳಿಯದೆ ಮೇಲೇ ನಿಂತಿದ್ದರೆ ಹೊರಗಿನ ಬೆಳಕು ನುಗ್ಗುತ್ತಿದೆ. ಸೈಟ್ ಗ್ಲಾಸ್ (ಪೈಪ್ ಒಳಗೆ ನೋಡೋ ಗಾಜಿನ ಕಿಂಡಿ) ಮುಚ್ಚಿ ನೋಡಿ.

ಗೆರೆ ಚೊಕ್ಕವಾಗಿದ್ದೂ ನಂಬರ್ ತಾಳೆಯಾಗದಿದ್ದರೆ ಪ್ರಿಸಮ್ ಮೇಲೆ ಡಿಸ್ಟಿಲ್ಡ್ ವಾಟರ್ ಇಡಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.3330 ಬರಬೇಕು. ಅದೂ ಬಂದರೆ ಉಷ್ಣಾಂಶದ ರೀಡಿಂಗ್, ಸೂಚ್ಯಂಕವನ್ನು ಬ್ರಿಕ್ಸ್‌ಗೆ ಬದಲಿಸೋ ಸಾಂದ್ರತೆಯ ಕರ್ವ್ ಎರಡನ್ನೂ ನೋಡಿ. ಜೊತೆಗೆ ಲ್ಯಾಬ್ ಸ್ಯಾಂಪಲ್ ಹಿಂದೆ ಹೋಗಿ: ಬಿಸಿ ದ್ರವ ಮುಚ್ಚಳವಿಲ್ಲದ ಬಾಟಲಿಯಲ್ಲಿ ಹೋಗ್ತಿದ್ದರೆ ನೀರು ಆವಿಯಾಗಿ ಲ್ಯಾಬ್‌ನ ಬ್ರಿಕ್ಸೇ ಏರುತ್ತೆ.