ಪ್ಯಾನಿಕ್: ಕುರಿಹಿಂಡಿನಿಂದ ಬಂದ ಪದ

ಕೇಳುಗರಿಗೆ ನಮಸ್ಕಾರ.

ನಾನು ಚಿಕ್ಕವನಿದ್ದಾಗ ಕೊಪ್ಪಳದ ಹತ್ತಿರ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಸಿದ್ದರು. ನಡುರಾತ್ರಿ ಇಡೀ ಹಿಂಡು ಒಮ್ಮೆಲೇ ಎದ್ದು, ಬಲೆ ಕಿತ್ತುಕೊಂಡು ಓಡಿತು. ತೋಳ ಬಂತೆಂದು ಅಪ್ಪ ಬ್ಯಾಟರಿ ಹಿಡಿದು ಹೊರಟರು. ತೋಳ ಇರಲಿಲ್ಲ, ಅದರ ಹೆಜ್ಜೆಯೂ ಇರಲಿಲ್ಲ. ಕುರಿ ಕಾಯುವ ಅಜ್ಜ ಹೇಳಿದ್ದು ಇಷ್ಟೇ: "ಒಂದು ಬೆದರ್ತು, ಎಲ್ಲಾ ಬೆದರಿದ್ವು. ಅಂಜಬ್ಯಾಡ್ರಿ."

ಇಂಗ್ಲಿಷಿನ 'ಪ್ಯಾನಿಕ್' ಹುಟ್ಟಿದ್ದೂ ಹೀಗೇ, ಕುರಿಗಾಹಿಗಳ ನಡುವೆ.

ಹಳೆಯ ಗ್ರೀಸಿನಲ್ಲಿ ಪ್ಯಾನ್ ಎಂಬ ದೇವರಿದ್ದ. ಸೊಂಟದ ಕೆಳಗೆ ಆಡಿನ ಕಾಲು, ತಲೆಯಲ್ಲಿ ಕೊಂಬು, ಕೈಯಲ್ಲಿ ಕೊಳಲು. ಆರ್ಕೇಡಿಯಾದ ಗುಡ್ಡಗಾಡು ಅವನ ನೆಲೆ. ಕುರಿ, ಆಡು, ಅವುಗಳನ್ನು ಕಾಯುವವರು, ಎಲ್ಲರಿಗೂ ಅವನೇ ದೇವರು. ಕಾರಣವೇ ಕಾಣದೆ ಹಿಂಡು ಬೆದರಿದರೆ ಅದು ಪ್ಯಾನನ ಕೆಲಸ ಎನ್ನುತ್ತಿದ್ದರು. ಶತ್ರು ಬಾರದಿದ್ದರೂ ರಾತ್ರಿ ಪಾಳೆಯದ ಸೈನಿಕರು ದಿಕ್ಕೆಟ್ಟು ಓಡಿದರೆ, ಆಗಲೂ ಅದೇ ಮಾತು. ಮಧ್ಯಾಹ್ನ ಅವನು ಮಲಗಿರುತ್ತಾನೆ, ಎಬ್ಬಿಸಿದರೆ ಸಿಟ್ಟಾಗುತ್ತಾನೆ ಎಂದು ಆ ಹೊತ್ತಿನಲ್ಲಿ ಕೊಳಲು ಊದುತ್ತಿರಲಿಲ್ಲವಂತೆ. ನಮ್ಮಜ್ಜಿಯೂ ಮಟಮಟ ಮಧ್ಯಾಹ್ನ ಒಬ್ಬನೇ ಹಳ್ಳದ ಕಡೆ ಹೋಗಬೇಡ ಎನ್ನುತ್ತಿದ್ದಳು. ಗುಡ್ಡ, ಬಿಸಿಲು, ಕುರಿ ಇದ್ದಲ್ಲೆಲ್ಲ ಹೆದರಿಕೆಯೂ ಒಂದೇ ಥರ ಇರುತ್ತೆ, ಅಲ್ವಾ?

ಗ್ರೀಕಿನಿಂದ ಫ್ರೆಂಚಿಗೆ ಬಂದು, ಅಲ್ಲಿಂದ ಈ ಪದ ಇಂಗ್ಲಿಷಿಗೆ ಸೇರಿತು.

'ಫಿಯರ್' ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ದಿಢೀರನೆ ಬಂದೆರಗುವ ಅಪಾಯ. ಮೊದಲು ತೋಳಕ್ಕೆ ಇದ್ದ ಹೆಸರು, ಆಮೇಲೆ ತೋಳದ ಭಯಕ್ಕೆ ಬಂತು ಅನ್ನಿ. ಪ್ಯಾನಿಕ್‌ನಲ್ಲಿ ತೋಳವೇ ಇಲ್ಲ. ನಿಘಂಟು ನೋಡಿದರೆ 'ಗಾಬರಿ' ಎಂದಿರುತ್ತದೆ. ತಪ್ಪಲ್ಲ. ಆದರೆ ನನಗೆ ಅಜ್ಜನ 'ಬೆದರು' ಜಾಸ್ತಿ ಹತ್ತಿರ ಅನಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಹಬ್ಬುವುದು ಅದರಲ್ಲಿದೆ.

ಇವತ್ತು ಡಾಕ್ಟರುಗಳು 'ಪ್ಯಾನಿಕ್ ಅಟ್ಯಾಕ್' ಎನ್ನುತ್ತಾರೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಉಸಿರು ಸಿಗುವುದಿಲ್ಲ, ಸತ್ತೇಹೋಗುತ್ತೇನೆ ಅನಿಸುತ್ತದೆ. ಮನೆಯವರು 'ಸುಮ್ನೆ ಹೆದರ್ತಾನೆ' ಎಂದುಬಿಡುತ್ತಾರೆ. ಆ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಆ ರಾತ್ರಿ ತೋಳ ಸುಳ್ಳು, ಆದರೆ ನಡುಗುತ್ತಿದ್ದ ಕುರಿಗಳ ಮೈ ಸುಳ್ಳಾಗಿರಲಿಲ್ಲ.

ಅಜ್ಜ ಕುರಿಗಳನ್ನು ಬೈಯಲಿಲ್ಲ, ಅಟ್ಟಿಸಿಕೊಂಡೂ ಹೋಗಲಿಲ್ಲ. ಬದುವಿನ ಮೇಲೆ ನಿಂತು, ದಿನವೂ ಕರೆಯುವ ದನಿಯಲ್ಲೇ ಕರೆಯುತ್ತಾ ಇದ್ದ. ಬೆಳಕು ಹರಿಯುವಷ್ಟರಲ್ಲಿ ಒಂದೊಂದಾಗಿ ಬಂದು ಅವನ ಕಾಲ ಬಳಿ ನಿಂತವು.