ಬೆಳಗುವುದು ಒಳಗಿನ ಬಿಳಿ ಪುಡಿ

ಸೋಮವಾರಪೇಟೆ ಹತ್ತಿರ ದೊಡ್ಡಪ್ಪನ ಮನೆ. ಜುಲೈ ತಿಂಗಳು. ಬೆಳಗಿನಿಂದ ಮಳೆ ಬಿಟ್ಟೇ ಇಲ್ಲ. ಕಾಫಿ ಚೀಲ ಇಡುವ ಈ ಕೋಣೆಯಲ್ಲಿ ಇನ್ನೂ ಹಳೇ ನಾಲ್ಕಡಿ ಟ್ಯೂಬ್‌ಲೈಟೇ ಇದೆ. ಸ್ವಿಚ್ ಹಾಕಿದೆ. ನೋಡಿ, ಮಿಣಕ್... ಮಿಣಕ್...

"ವೋಲ್ಟೇಜ್ ಇಲ್ಲ ಮಗ, ಸ್ವಲ್ಪ ತಡಿ" ಅಂತ ದೊಡ್ಡಪ್ಪ ಒಳಗಿಂದ ಕೂಗಿದರು.

ತಡೆಯೋಣ. ಅಷ್ಟರಲ್ಲಿ ಈ ಸ್ಟಾರ್ಟರ್ ನೋಡಿ. ಹೆಬ್ಬೆರಳಿನಷ್ಟು ಡಬ್ಬಿ. ಒಳಗೆ ಪುಟ್ಟ ಗಾಜಿನ ಬುರುಡೆ, ಅದರಲ್ಲಿ ಬಿಸಿಯಾದರೆ ಬಾಗುವ ಲೋಹದ ಪಟ್ಟಿ. ಪಟ್ಟಿ ಬಾಗಿ ತಾಗಿದಾಗ ಟ್ಯೂಬಿನ ಎರಡೂ ತುದಿಯ ಫಿಲಮೆಂಟಿಗೆ ಕರೆಂಟ್ ಹರಿದು ಅವು ಕಾಯುತ್ತವೆ. ಪಟ್ಟಿ ತಣ್ಣಗಾಗಿ ಬಿಟ್ಟುಕೊಂಡ ಕೂಡಲೇ ಚೋಕ್ ಅನ್ನೋ ತಂತಿ ಸುರುಳಿ ಒಂದು ಜೋರು ವೋಲ್ಟೇಜಿನ ಏಟು ಕೊಡುತ್ತದೆ. ಏಟು ಸಾಲದಿದ್ದರೆ ಮತ್ತೆ ಮೊದಲಿಂದ. ನಾವು ನೋಡುತ್ತಿರುವ ಮಿಣುಕು ಅದೇ.

ಹಾ, ಹತ್ತಿತು!

ನನಗೆ ತುಂಬಾ ಇಷ್ಟವಾಗುವ ಭಾಗ ಇನ್ನು ಮುಂದೆ. ಟ್ಯೂಬಿನೊಳಗೆ ಸ್ವಲ್ಪ ಆರ್ಗಾನ್ ಅನಿಲ, ಕೆಲವೇ ಮಿಲಿಗ್ರಾಂ ಪಾದರಸ. ಎಲೆಕ್ಟ್ರಾನ್‌ಗಳು ಈ ತುದಿಯಿಂದ ಆ ತುದಿಗೆ ಓಡುತ್ತಾ ಪಾದರಸದ ಆವಿಗೆ ಗುದ್ದುತ್ತವೆ. ಗುದ್ದು ತಿಂದ ಪಾದರಸ ಬೆಳಕು ಬಿಡುತ್ತದೆ. ಆದರೆ ಅದರಲ್ಲಿ ಹೆಚ್ಚಿನದು ಕಣ್ಣಿಗೆ ಕಾಣದ ನೇರಳಾತೀತ ಬೆಳಕು, ಅಲೆಯುದ್ದ ಸುಮಾರು 254 ನ್ಯಾನೋಮೀಟರ್. ಅಷ್ಟೇ ಆಗಿದ್ದರೆ ಕೋಣೆಯಲ್ಲಿ ಮಂಕು ನೀಲಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಗಾಜಿನ ಒಳಮೈಗೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ ಇದೆ ಅಲ್ವಾ? ಅದು ಫಾಸ್ಫರ್. ಕಾಣದ ಬೆಳಕನ್ನು ನುಂಗಿ, ಕಾಣುವ ಬೆಳಕನ್ನು ಹೊರಗೆ ಬಿಡುತ್ತದೆ. ಈ ಚೀಲ, ಆ ಗೋಡೆ, ನನ್ನ ಕೈ, ಎಲ್ಲಾ ಕಾಣುತ್ತಿರುವುದು ಆ ಪುಡಿಯಿಂದ. ಇಷ್ಟು ತೆಳ್ಳಗಿನ ಪುಡಿ!

ಮೊದಲು ಸ್ವಲ್ಪ ಮಂಕಾಗಿತ್ತು, ಗಮನಿಸಿದ್ರಾ? ಇಲ್ಲಿ ಚಳಿ ಜಾಸ್ತಿ. ತಣ್ಣಗಿದ್ದರೆ ಪಾದರಸದ ಆವಿ ಕಡಿಮೆ. ಟ್ಯೂಬ್ ಬೆಚ್ಚಗಾದಂತೆ ಬೆಳಕು ಏರುತ್ತದೆ. ತುದಿಯ ಈ ಕಪ್ಪು, ಫಿಲಮೆಂಟ್ ಸವೆದು ಗಾಜಿಗೆ ಅಂಟಿದ ಗುರುತು. ಟ್ಯೂಬಿಗೆ ವಯಸ್ಸಾಗಿದೆ. ಕೆಟ್ಟ ಮೇಲೂ ದಯವಿಟ್ಟು ಒಡೆಯಬೇಡಿ, ಒಳಗಿನ ಪಾದರಸ ವಿಷ.

ವಿಡಿಯೋದಲ್ಲಿ ಕಪ್ಪು ಪಟ್ಟಿಗಳು ಹರಿಯುತ್ತಿವೆ, ನಿಮಗೂ ಕಾಣುತ್ತಿರಬೇಕು. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು, ಒಂದೊಂದು ಸುತ್ತಿಗೂ ಬೆಳಕು ಎರಡು ಸಲ ಏರುತ್ತದೆ. ಹಾಗಾಗಿ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಶಟರ್ 1/100 ಸೆಕೆಂಡಿಗೆ ಇಡುತ್ತೇನೆ, ಆಗ ಪ್ರತಿ ಚಿತ್ರಕ್ಕೂ ಒಂದು ಪೂರ್ತಿ ಏರಿಳಿತ ಸಿಗುತ್ತದೆ, ನೋಡಿ.

ಪಟ್ಟಿ ಹೋಯಿತು. ಈಗ ಚೀಲದ ಹೊಲಿಗೆ ಕೂಡ ಕಾಣುತ್ತಿದೆ.